ಲಿಯೊಕಾದಿಯಾಳ ಊಟದ ಮೇಜು

ಸ್ಪೇನಿನ ಸಲಮಾಂಕಾ ಊರಿನ ನಮ್ಮ ಬೀದಿಯಲ್ಲಿ ಸಂಸಾರ ಅಂದರೆ ಏನೆಂದು ಪರದೇಶದವರಿಗೆ ಕಲಿಸುವ ಗುತ್ತಿಗೆ ನನ್ನ ಎದುರುಮನೆಯ ಲಿಯೊಕಾದಿಯಾಳದು. ಸ್ಪ್ಯಾನಿಷ್ ಕಲಿಯಲು ಬರುವ ಹುಡುಗಿಯರನ್ನು ಭಾಷಾಶಾಲೆಯವರು ಅವಳ ಮನೆಯಲ್ಲಿ ಇರಿಸುತ್ತಾರೆ. ಈ ಸಲ ಬಂದವಳು ನಾರ್ವೆಯ ಸಿಗ್ನೆ.

ಮಧ್ಯಾಹ್ನದ ಊಟವಾದ ಮೇಲೆ ತಟ್ಟೆ ಎತ್ತದೆ ಹರಟುತ್ತಾ ಕೂರುವುದು ನಮ್ಮವರ ಪದ್ಧತಿ. ಲಿಯೊಕಾದಿಯಾ ಅದನ್ನು ಕಾನೂನೇ ಮಾಡಿದ್ದಳು. ಗಂಡ ಫೆರ್ಮಿನ್ ಏಳಲು ಹೊರಟರೆ ಮೇಜಿನ ಕೆಳಗೆ ಅವನ ಕಾಲಿಗೊಂದು ಒದೆ ಬೀಳುತ್ತಿತ್ತು. ಬರಬರುತ್ತಾ ಅವನಿಗೂ ಹುಮ್ಮಸ್ಸು ಬಂತು. ತನ್ನಣ್ಣನ ಮದುವೆಯಲ್ಲಿ ನಡೆದ ಹೊಡೆದಾಟವನ್ನು ದಿನಕ್ಕಿಷ್ಟರಂತೆ ಕೈ ಬೀಸಿ ಬೀಸಿ ಹೇಳತೊಡಗಿದ. ಸಿಗ್ನೆ ಕಣ್ಣರಳಿಸಿ ಕೇಳುತ್ತಿದ್ದಳು. ಕಿಟಕಿಯಿಂದ ನೋಡುವ ನನಗೆ ಹೊಟ್ಟೆ ಉರಿಯುತ್ತಿತ್ತು. “ಅವನನ್ನ ನೋಡಿ ಕಲಿ” ಎಂದು ನನ್ನ ಗಂಡನಿಗೆ ಬೈದದ್ದೂ ಉಂಟು.

ಹೊರಡುವ ದಿನ ಸಿಗ್ನೆ ಅತ್ತೇಬಿಟ್ಟಳು. “ನಮ್ಮನೇಲಿ ಒಬ್ಬೊಬ್ರೂ ಒಂದೊಂದು ಕೋಣೇಲಿ ಉಣ್ತೀವಿ ಅಮ್ಮಾ. ಸಂಸಾರ ಅಂದ್ರೆ ನಿಮ್ಮದು!” ಈ ಮಾತನ್ನು ಲಿಯೊಕಾದಿಯಾ ಬೀದಿಗೆಲ್ಲ ಹಂಚಿದಳು.

ಮರುದಿನ ಮಧ್ಯಾಹ್ನ ಅವಳ ಬಾಣಲೆ ಹಿಂದಿರುಗಿಸಲು ಹೋದೆ. ಮೇಜಿನ ಮುಂದೆ ಅವಳೊಬ್ಬಳೇ ಇದ್ದಳು. ಫೆರ್ಮಿನ್ ಪಕ್ಕದ ಕೋಣೆಯಲ್ಲಿ ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಟಿವಿ ನೋಡುತ್ತಿದ್ದ.

“ಏನೇ, ಮುಂದಿನ ಹುಡುಗಿ ಯಾವಾಗ ಬರ್ತಾಳೆ?” ಎಂದು ಅಲ್ಲಿಂದಲೇ ಕೂಗಿದ. “ಕಥೆ ಅರ್ಧಕ್ಕೇ ನಿಂತಿದೆ. ನಮ್ಮ ಸೋದರಮಾವ ಕುರ್ಚಿ ಎತ್ತಿದವನು ಇನ್ನೂ ಹೊಡೆದಿಲ್ಲ!”

“ಬಾರೋ ಇಲ್ಲಿ, ಉಳಿದಿದ್ದು ನನಗೇ ಹೇಳು” ಎಂದಳು ಲಿಯೊಕಾದಿಯಾ.

“ನಿಂಗ್ಯಾಕೆ? ನೀನು ಮನೆಯವಳಲ್ವಾ!”