ಬೆರಳಿನಲ್ಲೇ ಮೀನಿನ ಕುಲ ಹೇಳುವ ಡೋರೀನ್

ಬೆಳಗಿನ ಐದು ಗಂಟೆ. ಟೋಲಿ ಹಳ್ಳದಲ್ಲಿ ಹಿಮ ಕರಗಿದ ನೀರು ಸೊಂಟಮಟ್ಟ ಹರಿಯುತ್ತಿದೆ. ಅಡ್ಡಲಾಗಿ ಇಟ್ಟ ಸರಳಿನ ಬೋನಿನೊಳಗೆ ಬಗ್ಗಿ ಡೋರೀನ್ ಹಲ್ವರ್ಸನ್ ಮೊಳದುದ್ದದ ಟ್ರೌಟ್ ಮೀನೊಂದನ್ನು ಎತ್ತುತ್ತಾರೆ. ದವಡೆಯಡಿ ಕುಂಕುಮ ಎಳೆದಂಥ ಗೆರೆ. ತಲೆಯ ಮೇಲೆ ಚುಕ್ಕಿಯಿಲ್ಲ. ಇರುವುದೆಲ್ಲ ಬಾಲದ ಕಡೆಗೆ. ಆಮೇಲೆ ಕಿರುಬೆರಳು ಮೀನಿನ ನಾಲಿಗೆಯ ಬುಡಕ್ಕೆ.

"ತರಿತರಿಯಾಗಿದೆ, ಹಲ್ಲಿದೆ. ಅಪ್ಪಟ ಕಟ್‌ಥ್ರೋಟ್. ಹೋಗಮ್ಮ ಮೇಲಕ್ಕೆ."

ಮುಂದಿನದಕ್ಕೂ ಗೆರೆಯಿದೆ, ಆದರೆ ಮಾಸಲು. ತಲೆ ತುಂಬ ಚುಕ್ಕಿ, ರೆಕ್ಕೆಯ ತುದಿ ಬೆಳ್ಳಗೆ. "ಬೆರಕೆ. ಅಪ್ಪನೋ ಅಮ್ಮನೋ ರೇನ್‌ಬೋ." ಅದು ಕೆಳಗಿನ ನದಿಗೆ ವಾಪಸು.

ಐವತ್ತೆಂಟರ ಡೋರೀನ್ ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದವರು. ಹನ್ನೊಂದು ವರ್ಷದಿಂದ ಮೇ ಕೊನೆಯಿಂದ ಜುಲೈವರೆಗೆ ದಿನಕ್ಕೆ ಮೂವತ್ತು, ನಲವತ್ತು ಮೀನು ಅವರ ಕೈ ದಾಟಿ ಹೋಗುತ್ತವೆ. ನಮ್ಮ ಮೊಂಟಾನಾದ ಈ ಕಣಿವೆಯಲ್ಲಿ ಮೊದಲಿನಿಂದ ಇದ್ದದ್ದು ಕಟ್‌ಥ್ರೋಟ್. ರೇನ್‌ಬೋ ಎಂಬ ಹೊರಗಿನ ಟ್ರೌಟನ್ನು ಗಾಳದ ಖುಷಿಗಾಗಿ ನಮ್ಮ ಅಜ್ಜಂದಿರು ತಂದು ಬಿಟ್ಟರು. ಎರಡೂ ಕೂಡಿ ಬೆರಕೆ ಹೆಚ್ಚಿತು. ಮೊಟ್ಟೆ ಇಡಲು ನದಿಯಿಂದ ಹಳ್ಳಕ್ಕೆ ಏರುವ ಮೀನುಗಳಲ್ಲಿ ಅಪ್ಪಟವನ್ನಷ್ಟೇ ಮೇಲೆ ಬಿಡಲು ಈ ಬೋನು.

"ಏನ್ ಡೋರೀನ್, ಮೀನಿಗೂ ಪಾಸ್‌ಪೋರ್ಟ್ ಕೇಳ್ತೀಯಾ?" ಸೇತುವೆ ಮೇಲಿಂದ ಗಾಳದವನೊಬ್ಬ ಕೂಗುತ್ತಾನೆ.

"ನೀನೂ ಬಾ, ನಾಲಿಗೆ ಚಾಚು, ನೋಡೇಬಿಡ್ತೀನಿ!"

ಐದು ವರ್ಷದ ಹಿಂದೆ ಈ ಕೆಲಸವೇ ನಿಲ್ಲುವುದರಲ್ಲಿತ್ತು. ನದಿಯಿಂದ ಬರುವ ದೊಡ್ಡ ಮೀನೆಲ್ಲ ಬೆರಕೆಯೇ, ಮೇಲೆ ಹಳ್ಳದಲ್ಲೇ ಇರುವ ಗೇಣುದ್ದದವು ಮಾತ್ರ ಅಪ್ಪಟ ಎಂದುಕೊಂಡು, ನದಿಯ ಮೀನು ಮೇಲೇರದಂತೆ ಮೀನುಗಾರಿಕೆ ಇಲಾಖೆಯವರು ಹಳ್ಳಕ್ಕೆ ಗೋಡೆ ಕಟ್ಟಲು ಹೊರಟಿದ್ದರು. ಊರಿನ ಸಭೆಯಲ್ಲಿ ಡೋರೀನ್ ಎದ್ದು ನಿಂತರು. "ದೊಡ್ಡದು ಅಂದ ಮಾತ್ರಕ್ಕೆ ಬೆರಕೆ ಅಲ್ಲ. ಕೆಲವು ಹಳ್ಳದಲ್ಲೇ ಉಳೀತವೆ, ಚಿಕ್ಕದಾಗೇ ಇರ್ತವೆ. ಕೆಲವು ನದಿಗೆ ಹೋಗಿ ಮೈ ತುಂಬ್ಕೊಂಡು, ಮೊಟ್ಟೆ ಇಡೋಕೆ ತವರಿಗೆ ಬರ್ತವೆ. ಕುಲ ಒಂದೇ. ಗೋಡೆ ಕಟ್ಟಿದ್ರೆ ಮನೆಮಗಳಿಗೆ ಬಾಗಿಲು ಹಾಕಿದ ಹಾಗೆ."

"ನಿಮ್ಮ ಬೆರಳು ನಂಬಿ ಗೋಡೆ ಬಿಡೋಕಾಗತ್ತಾ?" ಎಂದರು ಇಲಾಖೆಯ ಮೀನು ವಿಜ್ಞಾನಿ ರಸೆಲ್ ಪ್ಯಾಕ್ಸ್‌ಟನ್.

"ನಂಬ್ಬೇಡಿ, ಪರೀಕ್ಷೆ ಮಾಡಿ."

ಆ ಬೇಸಿಗೆ ಇನ್ನೂರ ಹನ್ನೆರಡು ಮೀನಿನ ರೆಕ್ಕೆಯ ಚೂರು ಪ್ರಯೋಗಾಲಯಕ್ಕೆ ಹೋಯಿತು. ಪ್ರತಿಯೊಂದರ ಜೊತೆ ಡೋರೀನ್ ತಮ್ಮ ತೀರ್ಪು ಬರೆದು ಕೊಟ್ಟರು. ಫೆಬ್ರವರಿಯಲ್ಲಿ ಉತ್ತರ ಬಂತು: ಇನ್ನೂರ ಮೂರು ಸರಿ. ಅಪ್ಪಟವೆಂದು ಖಚಿತವಾದವುಗಳಲ್ಲಿ ಅರವತ್ತಕ್ಕೂ ಹೆಚ್ಚು ನದಿಯಿಂದ ಬಂದ ದೊಡ್ಡ ಮೀನು. ಗೋಡೆಯ ಯೋಜನೆ ಬಿದ್ದುಹೋಯಿತು, ಬೋನು ಉಳಿಯಿತು.

ಅಭಿನಂದಿಸಿದರೆ ಡೋರೀನ್ ತಪ್ಪಿದ ಒಂಬತ್ತರ ಮಾತೆತ್ತುತ್ತಾರೆ. "ಆರು ಅಪ್ಪಟ ಮೀನನ್ನ ಸುಮ್‌ಸುಮ್ನೆ ವಾಪಸ್ ಕಳಿಸ್ಬಿಟ್ಟೆ. ಮೂರು ಬೆರಕೆ ಮೇಲೆ ಹೋದ್ವು." ಈಗ ಅನುಮಾನ ಬಂದದ್ದನ್ನು ತೊಟ್ಟಿಯಲ್ಲಿಟ್ಟು, ಈಗ ಕೆಲವೇ ದಿನದಲ್ಲಿ ಬರುವ ಪರೀಕ್ಷೆಯ ಉತ್ತರ ನೋಡಿದ ಮೇಲಷ್ಟೇ ಬಿಡುತ್ತಾರೆ. ಬೆರಕೆಯ ಮೇಲೆ ಕೋಪವಿಲ್ಲ. "ಅದರದ್ದೇನು ತಪ್ಪು? ಕೆಳಗೆ ಅಷ್ಟು ದೊಡ್ಡ ನದಿ ಇದೆ, ಸುಖವಾಗಿರ್ಲಿ."

ಕಳೆದ ಆಗಸ್ಟ್‌ನಲ್ಲಿ ಮೊದಲ ಸಲ ಅವರು, ತಾವು ಮೇಲೆ ಬಿಟ್ಟ ಮೀನುಗಳು ಮೊಟ್ಟೆ ಇಡುವ ಹಳ್ಳದ ಮೇಲ್ತುದಿಯವರೆಗೆ ನಡೆದು ಹೋದರು. ಕಲ್ಲುಗಳ ನಡುವೆ ಉಗುರುದ್ದದ ಮರಿಗಳು.

"ಅಷ್ಟು ಚಿಕ್ಕದ್ರಲ್ಲಿ ಯಾವುದು ಏನು ಅಂತ ಯಾರಿಗೂ ಗೊತ್ತಾಗಲ್ಲ, ನಂಗೂ ಗೊತ್ತಾಗ್ಲಿಲ್ಲ. ನೂರಾರಿದ್ವು. ಬೂಟು ಬಿಚ್ಚಿ, ಸುಮ್ನೆ ನೋಡ್ತಾ ಕೂತೆ."