ಕೊಕ್ಕೆಯ ಮೇಲಿನ ಭಾರ

ನನ್ನ ಅಕ್ಕನ ಗಂಡನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಗೆ ನಾವಿಬ್ಬರೂ ರಾಜಿಯಾಗುತ್ತೇವೇನೋ ಎಂದು ನೀವು ಕಾದುಕೊಂಡು ಕೂರುತ್ತೀರಿ. ಎದುರಿಗೆ ಸಿಕ್ಕರೆ ಈಗಲೂ ‘ಭಾವ’ ಅನ್ನುತ್ತೇನೆ, ‘ನೀವು’ ಅನ್ನುತ್ತೇನೆ. ಇಲ್ಲಿ ಮಾತ್ರ ‘ಅವನು’ ಎಂದೇ ಬರೆಯುತ್ತೇನೆ.

ನಮ್ಮದು ತೂಬಗೆರೆ ಕಡೆಯ ಊರು. ಯಜಮಾನರು ಮೇಸ್ತ್ರಿ. ಹೊಸ ಮನೆಗಳಿಗೆ ಕಾಂಕ್ರೀಟ್ ತಾರಸಿ ಹಾಕುವ ಕೆಲಸ ಹಿಡಿಯುತ್ತಿದ್ದರು. ದೇವನಹಳ್ಳಿ ಸುತ್ತ ಲೇಔಟುಗಳು ಏಳತೊಡಗಿದ ಮೇಲೆ ಕೆಲಸಕ್ಕೇನೂ ಕೊರತೆ ಇರಲಿಲ್ಲ. ಕಷ್ಟವಿದ್ದದ್ದು ಮಿಲ್ಲರ್ ಸಾಗಿಸುವುದರಲ್ಲಿ. ಮಿಲ್ಲರ್ ಅಂದರೆ ಜಲ್ಲಿ, ಮರಳು, ಸಿಮೆಂಟು ಕಲಸುವ ಯಂತ್ರ. ಎರಡು ಚಕ್ರದ ಮೇಲೆ ನಿಂತಿರುತ್ತದೆ, ಇನ್ನೊಂದು ಗಾಡಿಯ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಅದಕ್ಕೆ ಬಾಡಿಗೆ ಟ್ರ್ಯಾಕ್ಟರ್ ನೆಚ್ಚಿಕೊಂಡಿದ್ದೆವು. ಟ್ರ್ಯಾಕ್ಟರಿನವನು ಬಂದಾಗಲೇ ನಮಗೆ ಬೆಳಗಾಗುವುದು. ಕೂಲಿಯವರು ಬಂದು ಕೂತಿರುತ್ತಿದ್ದರು, ಮನೆ ಕಟ್ಟಿಸುವವರು ಮುಖ ಗಂಟು ಹಾಕಿಕೊಂಡಿರುತ್ತಿದ್ದರು, ಮಿಲ್ಲರ್ ನಮ್ಮ ಹಟ್ಟಿ ಮುಂದೆಯೇ ನಿಂತಿರುತ್ತಿತ್ತು. ನಮ್ಮದೇ ಒಂದು ಪಿಕಪ್ ಇರಲಿ ಎಂದು ತೀರ್ಮಾನಿಸಿದೆವು. ಓಡಿಸುವವಳು ನಾನೇ. ಯಜಮಾನರಿಗೆ ಸ್ಟೇರಿಂಗ್ ಅಂದರೆ ಮೊದಲಿಂದಲೂ ಆಗದು. ನಾನು ತವರಿನಲ್ಲಿ ಮದುವೆಗೆ ಮುಂಚೆಯೇ ಟ್ರ್ಯಾಕ್ಟರ್ ಹೊಡೆದವಳು.

ಭಾವನಿಗೆ ಪಿಲ್ಲಗುಂಪೆಯ ಫ್ಯಾಕ್ಟರಿಗಳ ರಸ್ತೆಯಲ್ಲಿ ಹಳೆಯ ಗಾಡಿಗಳನ್ನು ಕೊಂಡು ಮಾರುವ ಯಾರ್ಡ್ ಇತ್ತು. ಸ್ವಂತ ಅಕ್ಕನ ಗಂಡ ಇರುವಾಗ ಬೇರೆಯವರ ಹತ್ತಿರ ಹೋಗುವುದು ಹೇಗೆ? ಹೋದೆವು. ಅವನು ಮೂಲೆಯಲ್ಲಿ ನಿಂತಿದ್ದ ಒಂದು ಬಿಳಿ ಪಿಕಪ್ಪಿನ ಬಾನೆಟ್ ತಟ್ಟಿ, ಇದು ನಿಮಗೇ ಅಂತ ಎತ್ತಿಟ್ಟಿದ್ದೀನಿ ಎಂದ. ಗಾಡಿ ಚಿಕ್ಕದು. ಏಳುನೂರೈವತ್ತು ಕೆಜಿ ಹೊರುವಂಥದ್ದು. ಹಿಂದೆ ತುಂಬುವ ಸೆಂಟ್ರಿಂಗ್ ಶೀಟು, ಪೈಪು, ಕಾಂಕ್ರೀಟ್ ಅದುರಿಸುವ ವೈಬ್ರೇಟರ್, ಡೀಸೆಲ್ ಕ್ಯಾನು ಎಲ್ಲಾ ಹೇಳಿ, ಅದರ ಮೇಲೆ ಮಿಲ್ಲರ್ ಬೇರೆ ಕಟ್ಟಬೇಕು, ತಡೆಯುತ್ತಾ ಎಂದು ನಾನು ಕೇಳಿದೆ.

“ಎಳೆಯೋದೇ ಬೇರೆ, ಹೊರೋದೇ ಬೇರೆ ಕಣಮ್ಮ,” ಎಂದ. “ಮಿಲ್ಲರ್ ತನ್ನ ಚಕ್ರದ ಮೇಲೆ ತಾನು ಬರುತ್ತೆ. ನಿನ್ನ ಗಾಡಿಗೆ ಅದರದ್ದೇನು ಭಾರ?”

ಕೇಳಲಿಕ್ಕೆ ಸರಿಯಾಗಿಯೇ ಇತ್ತು. ನಾವು ನಂಬಿದೆವು. ನೆಂಟರು ಎಂದು ಅವನೇ ಮುಂದಾಗಿ ಗಾಡಿಯ ಮೇಲೆ ಸಾಮಾನು ಕಟ್ಟಲು ಒಂದು ಕಬ್ಬಿಣದ ಕ್ಯಾರಿಯರ್ ಬೆಸುಗೆ ಹಾಕಿಸಿಕೊಟ್ಟ.

ಮೊದಲ ವಾರದಲ್ಲೇ ಗಾಡಿ ನನ್ನ ಕೈಯಲ್ಲಿ ಏನೋ ಹೇಳುತ್ತಿತ್ತು. ಖಾಲಿ ಇದ್ದಾಗ ಒಳ್ಳೆಯ ಹಸುವಿನ ಹಾಗೆ ಬರುತ್ತಿತ್ತು. ಸಾಮಾನು ತುಂಬಿ ಮಿಲ್ಲರ್ ಸಿಕ್ಕಿಸಿದ ಮೇಲೆ ಸ್ಟೇರಿಂಗ್ ಹಗುರಾಗಿ ಕೈಗೆ ಹಿಡಿತವೇ ಸಿಗುತ್ತಿರಲಿಲ್ಲ. ಹಿಂಭಾಗ ಕುಕ್ಕರಿಸುತ್ತಿತ್ತು, ಮುಂಭಾಗ ಮೂಗು ಎತ್ತುತ್ತಿತ್ತು. ಭಾವನಿಗೆ ಫೋನ್ ಮಾಡಿದೆ. ತಂದು ಬಿಡು ಎಂದ. ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟು ಜಾಸ್ತಿ ಹಾಕಿಸಿದ. ಹಿಂಭಾಗ ಕುಕ್ಕರಿಸುವುದು ನಿಂತಿತು. ಸ್ಟೇರಿಂಗ್ ಹಾಗೇ ಇತ್ತು. ಅಭ್ಯಾಸ ಆಗುತ್ತೆ ಎಂದ.

ದೊಡ್ಡಬೆಳವಂಗಲದ ಹತ್ತಿರ ಒಂದು ಮನೆಯ ತಾರಸಿ ಮುಗಿಸಿ ವಾಪಸು ಬರುತ್ತಿದ್ದೆವು. ಸಂಜೆ ಬಿಸಿಲು ಇನ್ನೂ ಇತ್ತು. ಕೂಲಿಯವರು ಬೈಕುಗಳಲ್ಲಿ ಮುಂದೆ ಹೋಗಿದ್ದರು, ಗಾಡಿಯಲ್ಲಿ ನಾವಿಬ್ಬರೇ. ಕೆರೆ ಏರಿಯಿಂದ ಇಳಿಯುವ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಬ್ರೇಕ್ ಒತ್ತಿದೆ. ಮಿಲ್ಲರ್ ಹಿಂದಿನಿಂದ ತಳ್ಳಿತು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ, ಗಾಡಿ ನೆಟ್ಟಗೇ ಹೋಯಿತು. ಮುಂದಿನ ಚಕ್ರಗಳು ರಸ್ತೆಯನ್ನು ಹಿಡಿಯಲೇ ಇಲ್ಲ. ಆಮೇಲೆ ಮಿಲ್ಲರ್ ಒಂದು ಪಕ್ಕಕ್ಕೆ ಹೊರಳಿ ನಮ್ಮ ಹಿಂಭಾಗವನ್ನೂ ಎಳೆದುಕೊಂಡು ಏರಿಯ ಕೆಳಗಿನ ರಾಗಿ ಹೊಲಕ್ಕೆ ಇಳಿಸಿತು. ಗಾಡಿ ಎಡಕ್ಕೆ ಮಗುಚಿತು. ಎಡಗಡೆ ಕೂತಿದ್ದವರು ಯಜಮಾನರು. ನಾನು ಅವರ ಮೇಲೆ ಬಿದ್ದಿದ್ದೆ. ಅವರ ಬಲಭುಜ ನನ್ನ ಕೆಳಗೆ ಒಂದು ಚೀಲದ ಹಾಗೆ ಸಡಿಲವಾಗಿತ್ತು.

ಆಸ್ಪತ್ರೆಯಲ್ಲಿ ಪರದೆಯ ಈಚೆ ನಾನು ಕೂತಿದ್ದೆ. ಆಚೆ ನೆಂಟರು ಸೇರಿದ್ದರು. ಯಾರೋ ಹೇಗಾಯಿತು ಎಂದು ಕೇಳಿದರು. ಭಾವನ ಗಂಟಲು ನನಗೆ ಚೆನ್ನಾಗಿ ಗೊತ್ತು.

“ಹೆಂಗಸ್ರ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗುತ್ತೆ? ಗಾಡಿ ಚಿನ್ನದಂಥ ಗಾಡಿ.”

ಯಾರೂ ಅಲ್ಲವೆನ್ನಲಿಲ್ಲ. ನಾನೂ ಪರದೆ ಸರಿಸಲಿಲ್ಲ. ಯಾಕೆಂದರೆ ಆಗ ನನಗೂ ಅದೇ ಅನುಮಾನವಿತ್ತು. ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮದುವೆ, ತಿಥಿ, ಗೃಹಪ್ರವೇಶ, ಎಲ್ಲಿ ಹೋದರೂ ಅದು ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಯಜಮಾನರಿಗೆ ಕರಣೆ ಹಿಡಿಯುವ ಬಲಗೈ ತಲೆಗಿಂತ ಮೇಲೆ ಏಳದಾಯಿತು. ಅವರು ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಹಬ್ಬಕ್ಕೆ ಬಂದಿದ್ದ ಅಕ್ಕ ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ಕೂತಿದ್ದವಳು, ನನ್ನನ್ನು ಸಮಾಧಾನ ಮಾಡಲೆಂದೇ ಬಾಯಿ ಬಿಟ್ಟಳು.

“ನೀನ್ಯಾಕೆ ಕೊರಗ್ತೀಯ ಬಿಡೆ. ಆ ಗಾಡಿನೇ ಸರಿ ಇರ್ಲಿಲ್ಲ. ನಿಮಗಿಂತ ಮುಂಚೆ ಇನ್ಯಾರೋ ತಗೊಂಡು, ಹಿಂದೆ ಏನೋ ಕಟ್ಟಿದ್ರೆ ಹಿಡಿತ ಸಿಗಲ್ಲ ಅಂತ ವಾಪಸ್ ತಂದ್ಬಿಟ್ಟಿದ್ರು.”

“ಭಾವನಿಗೆ ಇದು ಗೊತ್ತಿತ್ತಾ?” ಎಂದೆ.

ಅಕ್ಕನ ಕೈ ನಿಂತಿತು. ಅವಳ ಮುಖ ನೋಡಿದೆ, ಉತ್ತರ ಅಲ್ಲೇ ಇತ್ತು. ಎದ್ದು ಹಿತ್ತಲಿಗೆ ಹೋಗಿ ನಿಂತೆ. ನನಗೆ ಅಳು ಬರಲಿಲ್ಲ. ಬಹಳ ತಿಂಗಳ ಮೇಲೆ ಚೆನ್ನಾಗಿ ಹಸಿವಾಯಿತು.

ಬೈದು ಬರುವುದು ಸುಲಭವಿತ್ತು. ಬೈದರೆ ಹೆಂಗಸು ಬೈದಳು ಅನ್ನುತ್ತಾರೆ. ಮೊದಲು ನನಗೆ ಪೂರ್ತಿ ಗೊತ್ತಾಗಬೇಕಿತ್ತು. ರಿಪೇರಿಯಾಗಿದ್ದ ಅದೇ ಪಿಕಪ್ಪಿಗೆ ಅವತ್ತಿನಷ್ಟೇ ಸಾಮಾನು ಹೇರಿ, ಮಿಲ್ಲರ್ ಸಿಕ್ಕಿಸಿ, ಯಜಮಾನರನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಆಮೆಯ ಹಾಗೆ ದೊಡ್ಡಬಳ್ಳಾಪುರದಲ್ಲಿ ಲಾರಿ ತೂಗುವ ಒಂದು ವೇಬ್ರಿಡ್ಜಿಗೆ ಹೋದೆ. ಪಿಕಪ್ಪಿನ ಚಕ್ರಗಳಷ್ಟೇ ತೂಕದ ಹಲಗೆಯ ಮೇಲೆ, ಮಿಲ್ಲರಿನ ಚಕ್ರಗಳು ಹೊರಗೆ, ಹಾಗೆ ನಿಲ್ಲಿಸಿ ಒಂದು ತೂಕ. ಆಮೇಲೆ ಮಿಲ್ಲರ್ ಬಿಚ್ಚಿ ಇನ್ನೊಂದು ತೂಕ. ಎರಡಕ್ಕೂ ವ್ಯತ್ಯಾಸವಿತ್ತು. ಮಿಲ್ಲರ್ ತನ್ನ ಚಕ್ರದ ಮೇಲೆ ತಾನು ಬರುತ್ತದೆ ಎಂದಿದ್ದನಲ್ಲ, ಅದರ ಮೂತಿಯ ಭಾರವೆಲ್ಲ ಕೊಕ್ಕೆಯ ಮೇಲೆ ಕೂತು ನನ್ನ ಗಾಡಿಯನ್ನು ಒತ್ತುತ್ತಿತ್ತು. ಎರಡು ಆಳು ಹತ್ತಿ ನಿಂತಷ್ಟು. ಅದೂ ಹಿಂದಿನ ಚಕ್ರಕ್ಕಿಂತ ಹಿಂದೆ, ತಕ್ಕಡಿಯ ತುದಿಯಲ್ಲಿ. ಹಿಂದೆ ಒತ್ತಿದರೆ ಮುಂದೆ ಏಳಲೇಬೇಕು.

ಆವತ್ತು ನನಗೆ ಅರ್ಥವಾದದ್ದು ಇಷ್ಟು: ಗಾಡಿ ಹೊರಬಲ್ಲ ಏಳುನೂರೈವತ್ತು ಅಂದರೆ ಹಿಂದೆ ತುಂಬುವ ಸಾಮಾನು ಮಾತ್ರವಲ್ಲ. ನಾನು, ನನ್ನ ಗಂಡ, ಟೂಲ್ ಬಾಕ್ಸು, ಭಾವ ಪ್ರೀತಿಯಿಂದ ಹಾಕಿಸಿಕೊಟ್ಟ ಕ್ಯಾರಿಯರ್, ಕೊಕ್ಕೆಯ ಮೇಲೆ ಕೂರುವ ಭಾರ, ಎಲ್ಲವೂ ಅದರೊಳಗೇ ಬರಬೇಕು. ನಮ್ಮದು ಅದನ್ನು ಯಾವತ್ತೋ ದಾಟಿತ್ತು. ಎಷ್ಟು ಎಳೆಯುತ್ತದೆ ಎಂದು ಕೇಳುವುದಕ್ಕೆ ಮುಂಚೆ ಎಷ್ಟು ಹೊರುತ್ತದೆ ಎಂದು ಕೇಳಬೇಕು. ಎಂಜಿನ್ನು ಎಳೆದೀತು, ಸ್ಪ್ರಿಂಗು, ಟೈರು, ಬ್ರೇಕು ತಡೆಯಬೇಕಲ್ಲ. ಜಾಸ್ತಿ ಪ್ಲೇಟು ಹಾಕಿಸಿದ್ದರಿಂದ ಗಾಡಿಗೆ ಒಂದು ಗುಲಗಂಜಿಯಷ್ಟೂ ಶಕ್ತಿ ಬಂದಿರಲಿಲ್ಲ. ಕುಕ್ಕರಿಸುವುದು ಕಣ್ಣಿಗೆ ಕಾಣದ ಹಾಗಾಗಿತ್ತು, ಅಷ್ಟೇ.

ಆ ಗಾಡಿಯನ್ನು, ಹಿಂದೆ ಏನೂ ಕಟ್ಟಬೇಡಿ ಎಂದು ಹೇಳಿಯೇ, ಹೂವಿನ ವ್ಯಾಪಾರದವರಿಗೆ ಕೊಟ್ಟುಬಿಟ್ಟೆವು. ಬೇರೆ ಕಡೆ ಇದರ ಎರಡರಷ್ಟು ಹೊರುವ ಗಾಡಿ ಹುಡುಕಿದೆ. ನಮ್ಮ ಸಾಮಾನು, ನಮ್ಮ ಮಿಲ್ಲರ್ ಎಲ್ಲ ಕಟ್ಟಿ ತೂಗಿ, ಇನ್ನೂ ಮಿಗುವಷ್ಟು ಜಾಗ ಇದೆಯೆಂದು ನೋಡಿದ ಮೇಲೇ ಕೊಂಡೆ. ಕೆಲಸ ಮತ್ತೆ ನಡೆಯತೊಡಗಿತು; ಯಜಮಾನರು ಕೆಳಗೆ ನಿಂತು ಹೇಳುವುದು, ಕೈಯಾಡಿಸುವವರು ಬೇರೆಯವರು.

ಆಮೇಲೆ ಭಾವನ ಕಡೆ ತಿರುಗಿದೆ.

ಅವನ ಯಾರ್ಡಿನ ಎದುರಿಗೆ ಒಂದು ಟೀ ಅಂಗಡಿ. ಗಾಡಿ ನೋಡಲು ಬಂದವರೆಲ್ಲ ಯೋಚನೆ ಮಾಡಲು ಅಲ್ಲಿಗೇ ಬರುವುದು. ಭಾನುವಾರ ಭಾನುವಾರ ನಾನೂ ನನ್ನ ಪಿಕಪ್ಪು ತಂದು ಅಲ್ಲಿ ನಿಲ್ಲಿಸಿ ಟೀ ಕುಡಿಯತೊಡಗಿದೆ. ಸುಳ್ಳು ಒಂದೂ ಹೇಳಲಿಲ್ಲ. ಅವನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಬಂದವರನ್ನು, ಹಿಂದೆ ಏನು ಕಟ್ಟುತ್ತೀರಿ, ಮೇಲೆ ಏನು ಹೇರುತ್ತೀರಿ ಎಂದು ಕೇಳುತ್ತಿದ್ದೆ. ಕೇಳಿದವರಿಗೆ ಹೇಳುತ್ತಿದ್ದೆ. ತೂಗಿ ನೋಡಿ ಎನ್ನುತ್ತಿದ್ದೆ. ತೂಗಲು ಹೋದವರು ಎಷ್ಟೋ ಜನ ಯಾರ್ಡಿಗೆ ವಾಪಸು ಬರುತ್ತಿರಲಿಲ್ಲ. ಯಾರ್ಡಿನ ಗೇಟಿನಲ್ಲಿ ನಿಂತು ಭಾವ ನನ್ನನ್ನು ನೋಡುತ್ತಿದ್ದ. ನಾನು ಲೋಟ ಎತ್ತಿ ತೋರಿಸಿ, ಟೀ ಕುಡೀತೀರಾ ಭಾವ ಎಂದು ಕೇಳುತ್ತಿದ್ದೆ. ಆ ಟೀಯ ರುಚಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಾಗಿರುವಾಗ ದೇವನಹಳ್ಳಿಯಿಂದ ಒಬ್ಬರು ಬಂದರು. ಮದುವೆ ಛತ್ರಗಳಿಗೆ ಜನರೇಟರ್ ಬಾಡಿಗೆ ಕೊಡುವವರು. ಇದ್ದ ಹಳೆಯ ಗಾಡಿಯಲ್ಲೇ ಜನರೇಟರ್ ಟ್ರೈಲರ್ ಕಟ್ಟಿಕೊಂಡು ಬಂದಿದ್ದರು. ಭಾವ ಅವರಿಗೂ ಒಂದು ಚಿಕ್ಕ ಪಿಕಪ್ ತೋರಿಸಿ, ಅದೇ ಎಳೆಯುವುದು ಬೇರೆ ಹೊರುವುದು ಬೇರೆ ಎಂಬ ಪಾಠ ಒಪ್ಪಿಸುತ್ತಿದ್ದ. ಅವರು ಟೀಗೆ ಬಂದಾಗ ನಾನು, ಬರೀ ಜನರೇಟರ್ ಕಟ್ಟಿ ನೋಡಬೇಡಿ, ನಿಮ್ಮ ಕೇಬಲ್ಲು, ಡೀಸೆಲ್ ಡ್ರಮ್ಮು ಎಲ್ಲ ಆ ಗಾಡಿಗೆ ಹೇರಿ ನೋಡಿ ಎಂದೆ. ಅವರು ಹಾಗೇ ಮಾಡಿಸಿದರು. ಗಾಡಿಯ ಬಾಲ ನೆಲ ನೋಡಿತು. ಭಾವ ಒಂದು ಪ್ಲೇಟು ಹಾಕಿಸಿದರೆ ಸರಿಹೋಗುತ್ತದೆ ಎಂದ.

ನಾನು ರಸ್ತೆ ದಾಟಿ ಹೋದೆ. “ಹಂಗಾದ್ರೆ ನೀವೇ ಒಂದು ರೌಂಡ್ ಓಡ್ಸಿ ತೋರ್ಸಿ ಭಾವ,” ಎಂದೆ. “ನಾನಾದ್ರೆ ಹೆಂಗಸು.”

ಟೀ ಅಂಗಡಿಯವರೆಲ್ಲ ನೋಡುತ್ತಿದ್ದರು. ಅವನು ಹತ್ತಿದ. ಆ ರಸ್ತೆಯ ತುದಿಯಲ್ಲಿ ಸಣ್ಣ ಇಳಿಜಾರು ಇದೆ, ಭಾನುವಾರ ಫ್ಯಾಕ್ಟರಿಗಳಿಗೆ ರಜೆಯಾದ್ದರಿಂದ ಖಾಲಿ. ದೊಡ್ಡದೇನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಚಿಕ್ಕದೊಂದು ಆಗಲಿ ಎಂಬ ಆಸೆಯೂ ಇತ್ತು. ಇಳಿಜಾರಿನಲ್ಲಿ ಟ್ರೈಲರ್ ಬಾಲದ ಹಾಗೆ ಎರಡು ಸಲ ಬೀಸಿತು. ಗಾಡಿ ಅಡ್ಡಕ್ಕೆ ನಿಂತಿತು. ನಾವು ಹೋಗಿ ನೋಡಿದಾಗ ಅವನು ಇನ್ನೂ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ನನ್ನ ಕೈಗೆ ಅವತ್ತು ಏನು ಗೊತ್ತಾಗಿತ್ತೋ ಅದು ಈಗ ಅವನ ಕೈಗೂ ಗೊತ್ತಾಯಿತು. ನೋಡಿ ತೃಪ್ತಿಯಾಯಿತು.

ಮುಂದಕ್ಕೆ ತರಲು ಅವನಿಗೆ ಧೈರ್ಯವಿರಲಿಲ್ಲ, ಹಿಂದಕ್ಕೆ ತೆಗೆಯಲು ಬರಲಿಲ್ಲ. ಜನರೇಟರಿನವರು ತಮ್ಮ ಗಾಡಿ ತರುತ್ತೇನೆಂದರು. ನಾನು ಬೇಡವೆಂದೆ, ನನ್ನ ಪಿಕಪ್ಪು ತಂದು ನಿಲ್ಲಿಸಿದೆ.

“ನಾನು ಎಳ್ಕೊಂಡ್ ಬರ್ತೀನಿ ಭಾವ. ಅದಕ್ಕೆ ಮುಂಚೆ ಆ ಕೆರೆ ಏರಿ ಹತ್ರ ಯಾಕಾಯ್ತು ಅಂತ ಇವರಿಗೆ ಹೇಳಿ.”

ಅವನು ನೆಲ ನೋಡುತ್ತಾ ಗೊಣಗಿದ. ಕೇಳಿಸಲಿಲ್ಲ ಎಂದೆ.

“ಗಾಡಿ ತಡೀಲಿಲ್ಲ,” ಎಂದ. “ನೀನು ಓಡ್ಸಿದ್ರಲ್ಲಿ ತಪ್ಪಿರ್ಲಿಲ್ಲ.”

“ಗೊತ್ತಿದ್ದೂ ಕೊಟ್ರಾ?”

ಹೂಂ ಎಂದ. ಸುತ್ತ ನಿಂತವರಲ್ಲಿ ನಮ್ಮ ನೆಂಟರ ಪೈಕಿ ಒಬ್ಬರು ಇದ್ದರು. ಆ ಹೂಂ ನಮ್ಮ ಕಡೆಯ ಊರುಗಳಿಗೆ ಮುಟ್ಟಿಸಲು ಅವರೊಬ್ಬರೇ ಸಾಕಿತ್ತು. ಜನರೇಟರ್ ಬಿಚ್ಚಿ ನನ್ನ ಕೊಕ್ಕೆಗೆ ಸಿಕ್ಕಿಸಿ, ಟೀ ಅಂಗಡಿಯ ಮುಂದೆಯೇ ನಿಧಾನವಾಗಿ ಎಳೆದುಕೊಂಡು ಬಂದೆ. ಭಾವ ಹಿಂದೆ ನಡೆದುಕೊಂಡು ಬಂದ.

ಯಾರ್ಡ್ ಆಮೇಲೆ ಹೆಚ್ಚು ಕಾಲ ನಡೆಯಲಿಲ್ಲ. ಈಗ ಅವನು ಯಾರದೋ ಶೋರೂಮಿನಲ್ಲಿ ಸ್ಕೂಟರ್ ಮಾರುತ್ತಾನೆ. ಅಕ್ಕ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಒಂದು ದಿನ ತಾನೇ ಬಂದು ಜಗಲಿಯ ಮೇಲೆ ಕೂತಳು.

“ನಮ್ಮನೆ ಅನ್ನಕ್ಕೇ ಕಲ್ಲು ಹಾಕ್ಬಿಟ್ಟೆಯಲ್ಲೆ,” ಎಂದಳು. “ನಿನ್ನ ಗಂಡನ ಭುಜ ವಾಪಸ್ ಬಂತಾ?”

ಇಲ್ಲ ಎಂದೆ. ಅವಳ ಪಾಲಿನ ನೋವು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಭಾವನ ವಿಷಯದಲ್ಲಿ ಅವಳಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ, ಹುಡುಕುವ ಮನಸ್ಸೂ ಇರಲಿಲ್ಲ. ಒಳಗೆ ಹೋಗಿ ಅವಳಿಗೆ ತಟ್ಟೆ ಹಾಕಿದೆ. ಮುದ್ದೆ, ಬಸ್ಸಾರು. ಅವಳು ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತಳು. ಯಜಮಾನರು ಎಡಗೈಯಲ್ಲಿ ನೀರಿನ ಚೊಂಬು ತಂದು ಅವಳ ಮುಂದೆ ಇಟ್ಟರು.