ಬಿಸಿಲಿಗೆ ಹಿಡಿದ ಶೀಸೆ

ಪಂಚಾಕ್ಷರಯ್ಯನವರನ್ನು ನಾನು ಮೊದಲು ಕಂಡದ್ದು ೧೯೩೬ರ ಶ್ರಾವಣದಲ್ಲಿ, ಹೊಳೆನರಸೀಪುರದ ಒಂದು ಔಷಧಾಲಯದ ಹಿತ್ತಲಲ್ಲಿ. ಅವರು ಅಲ್ಲಿ ಕಾಂಪೌಂಡರು, ಡಾಕ್ಟರು ಬರೆದ ಚೀಟಿ ನೋಡಿ ಮದ್ದು ಬೆರೆಸುವವರು. ನಾನು ಗಂಡ ಸತ್ತ ಎರಡು ವರ್ಷಕ್ಕೆ ಶೀಸೆ ತೊಳೆಯುವ ಕೆಲಸಕ್ಕೆ ಸೇರಿದ ದಿನ ಅದು. ಇಪ್ಪತ್ತನಾಲ್ಕು ಶೀಸೆ ತೊಳೆದು ಸಾಲಾಗಿ ಇಟ್ಟೆ. ಅವರು ಒಂದನ್ನು ಎತ್ತಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

“ಏನಮ್ಮಾ ಶಿವಗಂಗಮ್ಮ, ಇದನ್ನ ತೊಳೆದ್ಯೋ, ಇಲ್ಲ ನೀರು ತೋರಿಸಿ ಕರ್ಕೊಂಡು ಬಂದ್ಯೋ?”

ತಳದಲ್ಲಿ ಕೂದಲೆಳೆಯಷ್ಟು ಕಲೆ ಇತ್ತು. ಇಪ್ಪತ್ತನಾಲ್ಕನ್ನೂ ಮತ್ತೆ ತೊಳೆದೆ. ಅಂದಿನಿಂದ ಬೂದಿ ಹಾಕಿ ಉಜ್ಜಿ, ಮೂರು ನೀರು ಬದಲಿಸಿ, ಕೊನೆಗೆ ಬಿಸಿಲಿಗೆ ಹಿಡಿದು ನೋಡುವುದು ನನ್ನ ಕ್ರಮವಾಯಿತು. ನನಗೆ ಬರುವ ಅಕ್ಷರಗಳೂ ಅವರ ಶೀಸೆಗಳ ಮೇಲಿನವೇ.

ಹುಣ್ಣು ತೊಳೆಯುವ ಮದ್ದೊಂದಿತ್ತು. ನೋಡಲು ನೀರಿನ ಹಾಗೆ, ಗಾಯಕ್ಕೆ ಬಿದ್ದರೆ ಬುಸ್ಸೆಂದು ನೊರೆಯೇಳುತ್ತಿತ್ತು. ಚೀಟಿಯಲ್ಲಿ ಪೆರಾಕ್ಸೈಡ್ ಎಂದಿರುತ್ತಿತ್ತು, ನಾವು ನೊರೆಮದ್ದು ಎನ್ನುತ್ತಿದ್ದೆವು. ಯುದ್ಧ ನಡೆಯುತ್ತಿದ್ದ ೧೯೪೨ರಲ್ಲಿ ಒಂದು ಮಧ್ಯಾಹ್ನ ಅವರು ಮುಗಿದುಹೋದ ಟಾರ್ಚಿನ ಸೆಲ್ಲು ಒಡೆದು, ಒಳಗಿನ ಕಪ್ಪುಪುಡಿಯನ್ನು ತೊಳೆದು ಒಣಗಿಸಿದರು. ಅಗಲಬಾಯಿಯ ಶೀಸೆಯಲ್ಲಿ ನೊರೆಮದ್ದು ಸುರಿದು ಆ ಪುಡಿ ಹಾಕಿದರು. ಒಲೆಯಿಲ್ಲದೆ ಮದ್ದು ಕುದಿಯಿತು. ಶೀಸೆ ಬೆಚ್ಚಗಾಯಿತು. ಊದುಬತ್ತಿ ಹಚ್ಚಿ, ಉರಿ ಆರಿಸಿ, ಕೆಂಡದ ತುದಿಯನ್ನು ಒಳಗಿಳಿಸಿದರೆ ಅದು ಭಗ್ಗೆಂದು ಮತ್ತೆ ಹೊತ್ತಿಕೊಂಡಿತು.

“ಮದ್ದಿನೊಳಗೆ ಉಸಿರಿದೆ. ಈ ಪುಡಿ ಅದನ್ನ ಹೊರಡಿಸುತ್ತೆ, ತಾನು ಮಾತ್ರ ಸವೆಯಲ್ಲ,” ಎಂದರು.

ನಾನು ನಂಬಲಿಲ್ಲ. ಸೋಸಿ, ಒಣಗಿಸಿ, ನನ್ನ ಕೈಯಲ್ಲೇ ತೂಗಿಸಿದರು. ಹಾಕುವಾಗ ಏಳು ಗುಲಗಂಜಿ ತೂಕ, ತೆಗೆದಾಗಲೂ ಏಳೇ. ಮಾರನೇ ದಿನ ಮತ್ತೆ ಹಾಕಿ ತೆಗೆದರೂ ಏಳೇ. ದುಡಿದರೆ ನನ್ನ ಕೈ ಸವೆಯುತ್ತದೆ, ಸೌಟು ಸವೆಯುತ್ತದೆ. ಅಷ್ಟು ದುಡಿದೂ ಸವೆಯದ್ದನ್ನು ಕಂಡು ನನಗೆ ಹೆದರಿಕೆಯಾಯಿತು.

ಮೂರನೇ ದಿನ ಅವರು ಊದುಬತ್ತಿಯ ಕಡ್ಡಿ ಇಳಿಸುತ್ತಿದ್ದಾಗ ಹಳ್ಳಿಮೈಸೂರಿನ ಸುಬ್ಬಮ್ಮ ಬಾಗಿಲಿಗೆ ಬಂದಳು. ಒಬ್ಬನೇ ಮಗ ಪುಟ್ಟರಾಜು ಪಲ್ಟನ್ನಿಗೆ ಸೇರಿ ಸಿಂಗಪುರದ ಕಡೆ ಹೋಗಿದ್ದ. ಕಾಣೆಯಾಗಿದ್ದಾನೆಂದು ಕಾಗದ ಬಂದಿತ್ತು. ತಿಥಿ ಮಾಡಿ ಸೊಸೆಯ ಬಳೆ ಒಡೆಸಿಬಿಡು ಎಂದು ಮೈದುನ ಹಟ ಹಿಡಿದಿದ್ದ.

“ಓದೇಳಿ ಸಾ, ನನ್ ಮಗ ಬದುಕವ್ನಾ?” ಎಂದು ಆ ಕಾಗದ ಚಾಚಿದಳು.

ಅದೇ ಗಳಿಗೆಗೆ ಕಡ್ಡಿ ಹೊತ್ತಿಕೊಂಡಿತು. ಸುಬ್ಬಮ್ಮ ಹೊಸ್ತಿಲಲ್ಲೇ ಕುಸಿದು ಕೈಮುಗಿದಳು. “ಏಳ್ಬುಡ್ತು ಕಣಪ್ಪಾ! ಬದುಕವ್ನೆ!”

ಪಂಚಾಕ್ಷರಯ್ಯನವರು ಏನೋ ಹೇಳಲು ಬಾಯಿ ತೆರೆದರು, ಹಾಗೇ ಮುಚ್ಚಿದರು. ನನಗೆ ತಿಳಿದಂತೆ ಅವರು ಆಡಿದ್ದು ಅದೊಂದೇ ಸುಳ್ಳು, ಅದನ್ನೂ ಬಾಯಿಬಿಟ್ಟು ಆಡಲಿಲ್ಲ.

ಆಮೇಲೆ ಸುಬ್ಬಮ್ಮ ಪ್ರತಿ ಮಂಗಳವಾರ ಬರುತ್ತಿದ್ದಳು. ಇವರು ಪುಡಿ ಹಾಕುತ್ತಿದ್ದರು, ಕಡ್ಡಿ ಹೊತ್ತುತ್ತಿತ್ತು. ಅವಳು ಶೀಸೆಯ ಬಾಯಿಗೆ ಕಿವಿಕೊಟ್ಟು, “ಸುಮ್ಕಿರಿ ಸಾ, ಉಸ್ರಾಡ್ತಾವ್ನೆ,” ಎನ್ನುವಳು. ಅವಳು ಹೋದ ಮೇಲೆ ನಾನೂ ಕಿವಿಯಿಟ್ಟೆ. ನೆಗಡಿಯಾದ ಮಗು ಮಲಗಿದಾಗ ಬರುವಂಥ ಸದ್ದು. ಒಂದು ದಿನ ಒಳಗೆ ಹೋದರೆ ಪಂಚಾಕ್ಷರಯ್ಯನವರೇ ಶೀಸೆಗೆ ಕಿವಿಯಿಟ್ಟು ನಿಂತಿದ್ದರು.

೧೯೪೪ರ ಆಷಾಢದಲ್ಲಿ ಇನ್ನೊಂದು ಕಾಗದ ಬಂತು. ಪುಟ್ಟರಾಜು ತೀರಿಕೊಂಡಿದ್ದಾನೆ ಎಂದಿತ್ತು. ಅವರು ಎರಡು ಸಲ ಓದಿ ಹೇಳಿದರು.

“ಕಾಗ್ದಕ್ಕೇನ್ ಗೊತ್ತು ಸಾ? ಶೀಸೆ ಕೇಳಿ,” ಎಂದಳು ಸುಬ್ಬಮ್ಮ.

ಅವರು ಹಿತ್ತಲಿಗೆ ಬಂದರು. “ಸಾಕು ಶಿವಗಂಗಮ್ಮ. ಇವತ್ತು ಪುಡಿ ಹಾಕಲ್ಲ. ಶೀಸೆ ಚೆನ್ನಾಗಿ ತೊಳೆದು ಕೊಡು. ಕಡ್ಡಿ ಹತ್ತಲ್ಲ, ಅವಳೇ ಅರ್ಥ ಮಾಡ್ಕೋತಾಳೆ.”

ಬೂದಿ ಹಾಕಿ ಉಜ್ಜಿದೆ. ಮೂರು ನೀರು ಬದಲಿಸಿದೆ. ನಾಲ್ಕು ದಿನದಿಂದ ಮೋಡ ಕವಿದು ಸೂರ್ಯನ ಮುಖ ಕಂಡಿರಲಿಲ್ಲ. ಹಾಗೇ ತಂದುಕೊಟ್ಟೆ.

ಮದ್ದು ಸುರಿದರು. ಕುದಿಯಲಿಲ್ಲ, ನೊರೆಯಿಲ್ಲ. ಬಹಳ ಹೊತ್ತು ಕಾದೆವು. ಆಮೇಲೆ ಸುಬ್ಬಮ್ಮನೇ ಕಡ್ಡಿ ಇಳಿಸಿದಳು. ಹತ್ತು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಕೆಂಡ ಸಣ್ಣದಾಗುತ್ತಾ ಬಂತು. ಅವರು ಅವಳಿಗೆ ಸಮಾಧಾನ ಹೇಳಲು ಕೈ ಎತ್ತಿದ್ದರು. ಆಗ ಟಪ್ಪೆಂದು ಹೊತ್ತಿಕೊಂಡಿತು.

ಎತ್ತಿದ ಕೈ ಎತ್ತಿದಂತೆಯೇ ಇತ್ತು.

ಅವಳು ಹೋದ ಮೇಲೆ ಗೂಡಿನಲ್ಲಿದ್ದ ಪುಡಿಯ ಪೊಟ್ಟಣ ಬಿಚ್ಚಿ ತೂಗಿದೆ. ಏಳೇ ಗುಲಗಂಜಿ.

ಸೊಸೆಯ ಬಳೆ ಉಳಿಯಿತು. ತಿಥಿ ನಡೆಯಲಿಲ್ಲ. ಅವಳ ಅಪ್ಪನ ಮನೆಯವರು ಕರೆಯಲು ಬಂದರೂ ಸುಬ್ಬಮ್ಮ ಕಳಿಸಲಿಲ್ಲ. ಗಂಡ ಬದುಕಿರುವವಳು ಎಲ್ಲಿಗೆ ಹೋಗುತ್ತಾಳೆ ಎಂದಳಂತೆ. ಪಂಚಾಕ್ಷರಯ್ಯನವರು ಆ ಶೀಸೆಗೆ ಮದ್ದಿದ್ದ ಹಾಗೇ ಬಿರಡೆ ಹಾಕಿ ಬೀರುವಿನ ಮೇಲಿಟ್ಟರು. ಯಾರೂ ಇಲ್ಲದ ಮಧ್ಯಾಹ್ನ ಬಿರಡೆ ತಾನಾಗಿ ಹಾರಿ ಬೀಳುತ್ತಿತ್ತು. ಅವರು ಎದ್ದು ಹೋಗಿ, ಮತ್ತೆ ಒತ್ತಿ ಬರುವರು.

೧೯೪೮ರ ಮಾಘದಲ್ಲಿ ಅವರು ಹಾಸಿಗೆ ಹಿಡಿದರು. ಪುಟ್ಟರಾಜು ಬಂದಿರಲಿಲ್ಲ. ಸುಬ್ಬಮ್ಮ ಸೊಸೆಯನ್ನು ಕರೆದುಕೊಂಡು ನೋಡಲು ಬಂದಳು. ಹುಡುಗಿಯ ಕೈತುಂಬ ಹೊಸ ಹಸಿರು ಬಳೆ. ಅವರಿಬ್ಬರೂ ಹೊರಡುವವರೆಗೂ ಪಂಚಾಕ್ಷರಯ್ಯನವರು ಆ ಬಳೆಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ಹತ್ತಿರ ಕರೆದರು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಾಗಿತ್ತು.

“ಶಿವಗಂಗಮ್ಮ, ಅವತ್ತು ಶೀಸೆ ತೊಳೆದ್ಮೇಲೆ ಬಿಸಿಲಿಗೆ ಹಿಡಿದು ನೋಡಿದ್ಯಾ?”